ಯಂತ್ರ ದುಡಿದ ದುಡ್ಡಿನಲ್ಲಿ ನಮ್ಮ ಪಾಲೆಲ್ಲಿ?

ಹೊಸಕೋಟೆ ತಾಲ್ಲೂಕಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಹೋದ ತಿಂಗಳು ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗೇಟಿನ ಮುಂದೆ ನಡೆದದ್ದು ನಿಮಗೆಲ್ಲ ಗೊತ್ತಿದೆ. ರಾತ್ರಿ ಪಾಳಿ ಮುಗಿಸಿ ಹೊರಬಂದ ಗುತ್ತಿಗೆ ಹುಡುಗರ ಗೇಟ್ ಪಾಸನ್ನು ಸೆಕ್ಯುರಿಟಿಯವರು ಇಸಿದುಕೊಂಡರು. ನೋಟಿಸ್ ಇಲ್ಲ, ಕೈಗೊಂದು ಚೀಟಿಯೂ ಇಲ್ಲ. ಲೇಬರ್ ಕಂಟ್ರಾಕ್ಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ವೆಲ್ಡಿಂಗ್ ಲೈನಿಗೆ ರೋಬೋ ಬಂದೈತೆ, ನಾಳೆಯಿಂದ ಬರೋದು ಬೇಡ.’ ಹಾಗೆ ಹೊರಬಿದ್ದವರಲ್ಲಿ ಒಬ್ಬನ ಅಪ್ಪನ ಹೊಲ ಅದೇ ಕಾಂಪೌಂಡಿನ ಒಳಗಿತ್ತು. ರಾಗಿ ಬೆಳೆಯುತ್ತಿದ್ದ ಹೊಲ. ಇವತ್ತು ಆ ಹೊಲದಲ್ಲಿ ರೋಬೋ ನಿಂತಿದೆ, ಹೊಲ ಕೊಟ್ಟವರ ಮಗ ಗೇಟಿನ ಹೊರಗೆ ನಿಂತಿದ್ದಾನೆ.

ಜಮೀನು ಹೋಯಿತು, ಸಹಿಸಿಕೊಂಡೆವು. ಈಗ ಆ ಜಮೀನಿಗೆ ಬದಲಾಗಿ ಸಿಕ್ಕ ಕೂಲಿಯೂ ಹೋಯಿತು. ಒಂದೇ ಮನೆಯನ್ನು ಎರಡು ಸಲ ಸುಲಿದಿದ್ದಾರೆ. ಇದನ್ನೂ ಸಹಿಸಿಕೊಳ್ಳಬೇಕೇ?

ಕೈಗಾರಿಕೆಗೆಂದು ಭೂಮಿ ತೆಗೆದುಕೊಳ್ಳುವ ಕೆಐಎಡಿಬಿ ಕಾಯ್ದೆ 1966ರದು. ಅದರ 28ನೇ ಕಲಮಿನಲ್ಲಿ ಒಂದು ನೋಟಿಫಿಕೇಷನ್ ಹೊರಟರೆ ಅಜ್ಜನ ಕಾಲದ ಪಹಣಿಗೂ ಬೆಲೆಯಿಲ್ಲ. ನಮ್ಮ ಜಮೀನು ತೆಗೆದುಕೊಳ್ಳುವಾಗ ಊರುಗಳಿಗೆ ಬಂದವರು ಪರಿಹಾರದ ಮಾತು ಆಡಿದ್ದು ಸ್ವಲ್ಪ, ಕೆಲಸದ ಮಾತು ಆಡಿದ್ದೇ ಹೆಚ್ಚು. ಮನೆಗೊಂದು ಕೆಲಸ ಎಂದರು. ಬಾಯಲ್ಲಿ ಹೇಳಿದರು, ಕಾಗದದಲ್ಲಿ ಬರೆಯಲಿಲ್ಲ. ಆ ಕೆಲಸ ಬಂದದ್ದಾದರೂ ಯಾವ ರೂಪದಲ್ಲಿ? ಮೊದಲು ಹೆಲ್ಪರ್, ಆಮೇಲೆ ಟ್ರೈನಿ, ಆಮೇಲೆ ಕಂಟ್ರಾಕ್ಟ್. ಕಾಯಂ ಮಾಡುವ ಹೊತ್ತು ಬಂತೆಂದರೆ ಒಂದು ಬ್ರೇಕ್, ಮತ್ತೆ ಹೊಸ ಕಂಟ್ರಾಕ್ಟರ್, ಮತ್ತೆ ಹೊಸ ಪಿಎಫ್ ನಂಬರ್. ವರ್ಷಗಟ್ಟಲೆ ದುಡಿದ ಮೇಲೂ ಕಾಗದದಲ್ಲಿ ಅವನು ಹೊಸಬನೇ. ಹೊಸಬನನ್ನು ತೆಗೆಯಲು ಒಂದು ಫೋನ್ ಕರೆ ಸಾಕಾಯಿತು.

ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲಿ ಒಟ್ಟು ಕೆಲಸದ ಶೇ. 70 ಕನ್ನಡಿಗರಿಗೆ, ‘ಡಿ’ ದರ್ಜೆಯಲ್ಲಿ ಶೇ. 100 ಕನ್ನಡಿಗರಿಗೆ ಎಂದು ಬರೆದಿದ್ದರು. ಓದಲು ಬಹಳ ಚೆನ್ನ. ಆದರೆ ರೋಬೋ ಬಂದು ಕೂತಿರುವುದು ಆ ‘ಡಿ’ ದರ್ಜೆಯ ಜಾಗದಲ್ಲೇ. ಎತ್ತುವ, ಇಳಿಸುವ, ಬೆಸೆಯುವ, ಪ್ಯಾಕ್ ಮಾಡುವ ಕೆಲಸವನ್ನೇ ಅದು ನುಂಗುತ್ತಿದೆ. ಸೊನ್ನೆಯಲ್ಲಿ ನೂರಕ್ಕೆ ನೂರು ಕೊಟ್ಟರೂ ಕೈಗೆ ಸಿಗುವುದು ಸೊನ್ನೆ.

ಇನ್ನೊಂದು ಲೆಕ್ಕ ನೋಡಿ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10 ಲಕ್ಷ 27 ಸಾವಿರ ಕೋಟಿ ರೂಪಾಯಿ ಬಂಡವಾಳ ಬರುತ್ತದೆ, 6 ಲಕ್ಷ ಜನರಿಗೆ ಕೆಲಸ ಸಿಗುತ್ತದೆ ಎಂದು ಸರ್ಕಾರವೇ ಸಾರಿತು. ಭಾಗಿಸಿ ನೋಡಿ. ಒಂದು ಕೆಲಸ ಹುಟ್ಟಲು 1 ಕೋಟಿ 71 ಲಕ್ಷ ರೂಪಾಯಿ! ಅಷ್ಟು ದುಡ್ಡು ಆ ಒಬ್ಬನ ಸಂಬಳಕ್ಕೆ ಹೋಗುವುದಿಲ್ಲ, ಯಂತ್ರಕ್ಕೆ ಹೋಗುತ್ತದೆ. ಜಮೀನು, ರಸ್ತೆ, ನೀರು, ಕರೆಂಟು ನಾವು ಕೊಡಬೇಕು, ಯಂತ್ರ ದುಡಿಯಬೇಕು, ಲಾಭ ಮಾತ್ರ ನಮ್ಮ ಊರಿನ ಗಡಿ ದಾಟಿ ಹೋಗಬೇಕು. ಇದು ಯಾವ ನ್ಯಾಯ?

ಇದು ಪಿಲ್ಲಗುಂಪೆಯ ಒಂದು ಗೇಟಿನ ಕಥೆ ಎಂದು ಸುಮ್ಮನಿರಬೇಡಿ. ನಮ್ಮ ಪಕ್ಕದ ಸೌಖ್ಯ ರಸ್ತೆಯಲ್ಲಿ ಫ್ಲಿಪ್‌ಕಾರ್ಟ್ ಕಂಪನಿ ಪಾರ್ಸೆಲ್ ವಿಂಗಡಿಸಲು ರೋಬೋಗಳನ್ನು ಇಳಿಸಿದ್ದು 2019ರಲ್ಲೇ. ಹೆದ್ದಾರಿಯ ಉದ್ದಕ್ಕೂ ಎದ್ದಿರುವ ಗೋಡೌನುಗಳಲ್ಲಿ ಇವತ್ತು ನಮ್ಮ ಅಕ್ಕತಂಗಿಯರು ನಿಂತು ಮಾಡುವ ಕೆಲಸ ನಾಳೆ ಯಾರ ಕೈಗೆ ಹೋಗುತ್ತದೆ, ಯೋಚಿಸಿ. ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿ. ಸೂರತ್ತಿನ ರೇಪಿಯರ್ ಮಗ್ಗದ ಸೀರೆ ಮಾರುಕಟ್ಟೆಗೆ ಬಂದು ಬಿದ್ದ ಮೇಲೆ ಅವರ ವಿದ್ಯುತ್ ಮಗ್ಗದ ಸೀರೆಗೆ ಬೆಲೆ ಏನಾಯಿತು ಎಂದು ಅವರೇ ಹೇಳುತ್ತಾರೆ. ಕೈಮಗ್ಗವನ್ನು ವಿದ್ಯುತ್ ಮಗ್ಗ ತಿಂದಿತು, ವಿದ್ಯುತ್ ಮಗ್ಗವನ್ನು ರೇಪಿಯರ್ ತಿನ್ನುತ್ತಿದೆ. ಪ್ರತಿ ಸಲವೂ ಲಾಭ ಮೇಲಕ್ಕೆ ಹೋಯಿತು, ಸಾಲ ನೇಕಾರನ ಮನೆಯಲ್ಲಿ ಉಳಿಯಿತು.

ಆದ್ದರಿಂದ ನಾವು ಕೇಳುವುದು ಪಾಲು. ಕೆಲಸ ಇರಲಿ ಇಲ್ಲದಿರಲಿ, ಈ ನಾಡಿನ ಪ್ರತಿಯೊಬ್ಬ ವಯಸ್ಕನ ಖಾತೆಗೆ, ಗಂಡಸಿಗೂ ಹೆಂಗಸಿಗೂ, ತಿಂಗಳು ತಿಂಗಳು ಮೂಲ ಆದಾಯ ಬೀಳಬೇಕು. ಅರ್ಜಿ, ಶಿಫಾರಸು, ಅಲೆದಾಟ ಯಾವುದೂ ಬೇಡ. ಹಸಿವಾದಾಗ ಹಿಟ್ಟಿಗೆ, ಮಗು ಶಾಲೆಗೆ ಹೋಗುವಾಗ ಫೀಸಿಗೆ, ಮುಂದಿನ ಕೆಲಸ ಸಿಗುವ ತನಕ ಬಡ್ಡಿಯವರ ಬಾಗಿಲಿಗೆ ಹೋಗದಂತೆ ಬದುಕುವುದಕ್ಕೆ. ಇದು ನಾವು ಕನಸಿನಲ್ಲಿ ಕಂಡದ್ದಲ್ಲ. ಅರವಿಂದ್ ಸುಬ್ರಮಣಿಯನ್ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದಾಗ ಕೇಂದ್ರ ಸರ್ಕಾರದ 2016–17ರ ಆರ್ಥಿಕ ಸಮೀಕ್ಷೆಯಲ್ಲಿ ಇದರ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದಾರೆ. ತಲೆಗೆ ವರ್ಷಕ್ಕೆ 7,620 ರೂಪಾಯಿ ಎಂದು ಲೆಕ್ಕವನ್ನೂ ಹಾಕಿದ್ದಾರೆ. ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ನೆಲದಡಿಯ ಎಣ್ಣೆಯಿಂದ ಬಂದ ದುಡ್ಡನ್ನು ನಿಧಿ ಮಾಡಿ, ಅದರ ಗಳಿಕೆಯಲ್ಲಿ 1982ರಿಂದ ಪ್ರತಿ ವರ್ಷ ಅಲ್ಲಿನ ನಿವಾಸಿಗಳಿಗೆ ಪಾಲು ಹಂಚುತ್ತಿದ್ದಾರೆ. ಅವರ ನೆಲದಡಿಯ ಎಣ್ಣೆಗೆ ಪಾಲು ಉಂಟು. ನಮ್ಮ ನೆಲದ ಮೇಲೆ ನಿಂತ ಯಂತ್ರಕ್ಕೆ ಏಕಿಲ್ಲ?

ಈಗ ಬಿಟ್ಟಿ ಭಾಗ್ಯ ಎಂದು ಕೂಗುವ ಮಹಾಶಯರ ಕಡೆ ಬರೋಣ. ಪುಕ್ಕಟೆ ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರಂತೆ. ಹೌದೇ ಸ್ವಾಮಿ? ಬೆಳಗಿನ ಜಾವಕ್ಕೇ ಎದ್ದು ಟಿಫಿನ್ ಬಾಕ್ಸ್ ಕಟ್ಟಿಕೊಂಡು ಕಂಪನಿ ಬಸ್ಸಿಗೆ ಓಡುವ ಹೆಣ್ಣುಮಗಳಿಗೆ ನೀವು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಸೋಮಾರಿತನದ ಪಾಠ ಹೇಳುತ್ತೀರಾ? 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ. 30ರಿಂದ ಶೇ. 22ಕ್ಕೆ ಇಳಿಸಿದರು. ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ರೂಪಾಯಿ ಖೋತಾ ಎಂದು ಹಣಕಾಸು ಮಂತ್ರಿಗಳೇ ಹೇಳಿದರು. ಅದನ್ನು ಯಾವ ಪುಣ್ಯಾತ್ಮನೂ ಬಿಟ್ಟಿ ಭಾಗ್ಯ ಎನ್ನಲಿಲ್ಲ. ಅದರಿಂದ ಯಾವ ಮಾಲೀಕನೂ ಸೋಮಾರಿಯಾದ ಸುದ್ದಿ ಬಂದಿಲ್ಲ. ಸೋಮಾರಿತನ ಎಂಬ ರೋಗ ಬಡವನಿಗೆ ಮಾತ್ರ ಅಂಟುತ್ತದೆ ಎಂದು ಕಾಣುತ್ತದೆ! ಮಧ್ಯಪ್ರದೇಶದಲ್ಲಿ 2011–12ರಲ್ಲಿ ‘ಸೇವಾ’ (SEWA) ಎಂಬ ಮಹಿಳಾ ಕಾರ್ಮಿಕರ ಸಂಘಟನೆ ಯುನಿಸೆಫ್ ನೆರವಿನಿಂದ ಹಳ್ಳಿಯ ಜನರಿಗೆ ತಿಂಗಳು ತಿಂಗಳು ಹಣ ಕೊಟ್ಟು ನೋಡಿತು. ಜನ ಮಲಗಲಿಲ್ಲ. ಬೀಜ ಗೊಬ್ಬರ ಕೊಂಡರು, ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು.

ಗ್ಯಾರಂಟಿ ಕೊಟ್ಟಿದ್ದೇವಲ್ಲ ಎಂದು ಸರ್ಕಾರ ಹೇಳಬಹುದು. ಕೊಟ್ಟಿದ್ದೀರಿ, ಇಲ್ಲ ಎನ್ನುವುದಿಲ್ಲ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಆರದಂತೆ ಕಾಪಾಡಿದೆ. ಆ ಹಣವನ್ನು ಹೀಯಾಳಿಸುವವರ ಜೊತೆ ನಾವಿಲ್ಲ. ಆದರೆ ಅದು ಮನೆಯ ಯಜಮಾನಿಗೆ ಒಬ್ಬಳಿಗೇ, ಅದೂ ಕಂತು ಯಾವಾಗ ಬರುತ್ತದೆ ಎಂದು ಬ್ಯಾಂಕಿನ ಮುಂದೆ ಕಾಯುತ್ತಾ. ಯುವನಿಧಿ ನೋಡಿ. ಪದವಿ ಆದವನಿಗೆ 3,000, ಡಿಪ್ಲೊಮಾ ಆದವನಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಐಟಿಐ ಓದಿ ವೆಲ್ಡರ್ ಆದ ಹುಡುಗನಿಗೆ? ಅವನ ಹೆಸರೇ ಅದರಲ್ಲಿಲ್ಲ. ರೋಬೋ ಕಿತ್ತುಕೊಂಡದ್ದು ಅವನ ಕೆಲಸವನ್ನೇ!

ಕಾಯಂ ನೌಕರರ ಯೂನಿಯನ್ನಿನ ಅಣ್ಣಂದಿರೇ, ನಿಮ್ಮನ್ನೂ ಬಿಡುವುದಿಲ್ಲ. ನಮ್ಮ ಹುಡುಗರ ಪಾಸು ಕಿತ್ತುಕೊಂಡ ದಿನ ನೀವು ಕ್ಯಾಂಟೀನಿನಲ್ಲಿ ತಲೆ ತಗ್ಗಿಸಿ ಊಟ ಮಾಡಿದಿರಿ. ನಿಮ್ಮ ವೇತನ ಒಪ್ಪಂದಕ್ಕೆ ಸಹಿ ಬಿದ್ದರೆ ಸಾಕು, ಗುತ್ತಿಗೆಯವನು ನಿಮ್ಮ ಕಣ್ಣಿಗೆ ಕಾರ್ಮಿಕನೇ ಅಲ್ಲ. ಮುಂದಿನ ರೋಬೋ ನಿಮ್ಮ ಮಷೀನಿನ ಮುಂದೆ ನಿಲ್ಲುವಾಗ ಯಾರನ್ನು ಕರೆಯುತ್ತೀರಿ? ಊರಿನ ಮುಖಂಡರೇ, ಹಗಲು ವೇದಿಕೆಯಲ್ಲಿ ರೈತರ ಪರ ಭಾಷಣ, ರಾತ್ರಿ ಅದೇ ಕಂಪನಿಯ ಲೇಬರ್ ಕಂಟ್ರಾಕ್ಟು, ನೀರಿನ ಟ್ಯಾಂಕರು, ಗುಜರಿ ಟೆಂಡರು. ನಿಮ್ಮ ಬಾಯಿ ಏಕೆ ಕಟ್ಟಿದೆ ಎಂಬುದು ಊರಿಗೆಲ್ಲ ಗೊತ್ತು.

ಸ್ಥಳೀಯರಿಗೆ ಮೀಸಲಾತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವ ತಮ್ಮಂದಿರಿಗೂ ಒಂದು ಮಾತು. 2024ರ ಜುಲೈಯಲ್ಲಿ ಆ ವಿಧೇಯಕವನ್ನು ಸಚಿವ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ್ದೇ ತಡ, ಒಂದೆರಡು ದಿನದಲ್ಲೇ ತಡೆಹಿಡಿಯಿತು. ಆ ಮೋಸಕ್ಕೆ ನಮಗೂ ಸಿಟ್ಟಿದೆ. ಆದರೆ ಒಡಿಶಾದ, ಬಿಹಾರದ ಹುಡುಗನ ಕೊರಳಪಟ್ಟಿ ಹಿಡಿದರೆ ರೋಬೋ ಹೊರಗೆ ಹೋಗುತ್ತದೆಯೇ? ಅವನ ಪಾಸನ್ನೂ ಅದೇ ದಿನ ಕಿತ್ತುಕೊಂಡರು. ಅವನು ಶೀಟಿನ ರೂಮಿನಲ್ಲಿ ಬಾಡಿಗೆ ಕಟ್ಟಲಾಗದೆ ಕೂತಿದ್ದಾನೆ.

ದುಡ್ಡು ಎಲ್ಲಿಂದ ತರುವುದು ಎಂದು ಕೇಳುವವರು ಬಹಳ ಜಾಣರು. ಕಟ್ಟಡ ಕಟ್ಟಿದರೆ ವೆಚ್ಚದ ಶೇ. 1 ಸೆಸ್ ಕಾರ್ಮಿಕರ ಮಂಡಳಿಗೆ ಕಟ್ಟಬೇಕು. ಅದಕ್ಕೆ 1996ರಲ್ಲೇ ಕಾಯ್ದೆ ಬಂತು. 2025ರಲ್ಲಿ ಇದೇ ಕರ್ನಾಟಕ ಡೆಲಿವರಿ, ಕ್ಯಾಬ್ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿ ಮಾಡುವ ಕಾಯ್ದೆ ತಂದಿತು. ಇಟ್ಟಿಗೆಗೆ ಸೆಸ್ ಹಾಕಲು ಬರುತ್ತದೆ, ಪಾರ್ಸೆಲ್ಲಿಗೆ ಶುಲ್ಕ ಹಾಕಲು ಬರುತ್ತದೆ, ರೋಬೋ ಎಂದ ಕೂಡಲೇ ಕೈ ನಡುಗುತ್ತದೆಯೇ? ರೋಬೋ ದುಡಿದ ಲಾಭದ ಮೇಲೆ ಸೆಸ್ ಎಷ್ಟು ಹಾಕಬೇಕು, ಹೇಗೆ ಹಂಚಬೇಕು ಎಂಬುದನ್ನು ವಿಧಾನಸೌಧದಲ್ಲಿ ಸಂಬಳ ತೆಗೆದುಕೊಂಡು ಕೂತ ಪಂಡಿತರು ಬರೆಯಲಿ. ನಮ್ಮ ಜಮೀನಿನ ಬೆಲೆ ಕಟ್ಟುವಾಗ ಅವರ ಲೆಕ್ಕ ಎಲ್ಲಿಯೂ ತಡವರಿಸಲಿಲ್ಲ.

ಕೇಳಿದರೆ ಕೊಡುತ್ತಾರೆಯೇ ಎಂದು ಅನುಮಾನಪಡುವ ಹಿರಿಯರು ಪಕ್ಕದ ದೇವನಹಳ್ಳಿಯನ್ನು ನೋಡಲಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಬಿಡುವುದಿಲ್ಲ ಎಂದು ಮೂರು ವರ್ಷಕ್ಕೂ ಮೇಲೆ ಪಟ್ಟು ಹಿಡಿದು ಕೂತರು. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಅವರು ಭೂಮಿ ಉಳಿಸಿಕೊಂಡರು. ನಾವು ಭೂಮಿ ಕೊಟ್ಟುಬಿಟ್ಟಿದ್ದೇವೆ, ಇನ್ನು ಅದರ ಪಾಲನ್ನಾದರೂ ಬಿಡಬಾರದು.

ಬಜೆಟ್ ಹತ್ತಿರ ಬಂದಿದೆ. ಅದಕ್ಕೆ ಮೊದಲು ನಿಮ್ಮ ಪಂಚಾಯಿತಿಯ ಗ್ರಾಮಸಭೆಗೆ ಮನೆಮಂದಿಯೆಲ್ಲ ಹೋಗಿ. ಯಂತ್ರದ ಲಾಭದಲ್ಲಿ ಪಾಲು ಬೇಕು, ಪ್ರತಿಯೊಬ್ಬರಿಗೂ ಮೂಲ ಆದಾಯ ಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಹಾಕಿಸಿ, ಪ್ರತಿಯನ್ನು ಕೈಯಲ್ಲಿ ಇಸಿದುಕೊಂಡೇ ಏಳಿ. ಅದರ ಒಂದು ಪ್ರತಿ ಶಾಸಕರ ಕಚೇರಿಗೆ, ಒಂದು ಮುಖ್ಯಮಂತ್ರಿಗಳಿಗೆ ಹೋಗಲಿ. ಈ ಕರಪತ್ರವನ್ನು ಓದಿ ಪಕ್ಕದ ಮನೆಗೆ ಕೊಡಿ.

ಇಂತಿ,
ಪಿಲ್ಲಗುಂಪೆ ಸುತ್ತಮುತ್ತಲಿನ ಗುತ್ತಿಗೆ ಕಾರ್ಮಿಕರು ಹಾಗೂ ಜಮೀನು ಕೊಟ್ಟ ಕುಟುಂಬದವರು