ತಟ್ಟೆಯ ಗಾನ ಗಣಕಕ್ಕೆ
ಅಟ್ಟದಲ್ಲಿ ಉಳಿದಿರುವ ಎಲ್‌ಪಿ ತಟ್ಟೆಗಳನ್ನು ಮನೆಯಲ್ಲಿಯೇ ಗಣಕಕ್ಕೆ ಇಳಿಸಿಕೊಳ್ಳಬೇಕೆಂಬ ಉತ್ಸಾಹವುಳ್ಳವರು ಮೊದಲು ಅರಿಯತಕ್ಕದ್ದೇನೆಂದರೆ, ತಟ್ಟೆಯ ಗೆರೆಯಲ್ಲಿ ಅಡಗಿರುವ ನಾದವು ಗಾಯಕನ ಕಂಠದಿಂದ ಹೊರಟ ನಾದದ ಯಥಾವತ್ ಪ್ರತಿಬಿಂಬವಲ್ಲ. ಮಂದ್ರಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೆರೆಗಳು ಒಂದನ್ನೊಂದು ತಾಗುವುವೆಂದು ಅವನ್ನು ಕುಗ್ಗಿಸಿ, ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗದಿರಲೆಂದು ತಾರಸ್ವರಗಳನ್ನು ಪ್ರಬಲಗೊಳಿಸಿ ಕೊರೆಯುವ ಕ್ರಮವು 1954ರ ಸುಮಾರಿಗೆ ಒಂದು ನಿಯಮಕ್ಕೆ ಬಂದುದರಿಂದ, ಆ ವಿಕಾರವನ್ನು ತಿದ್ದುವ ಫೋನೋ ಪ್ರೀಆಂಪ್ಲಿಫೈಯರು ನಡುವೆ ಇಲ್ಲದಿದ್ದರೆ ದೊರೆಯುವುದು ಕೀರಲು ದನಿಯೇ ಹೊರತು ಸಂಗೀತವಲ್ಲ. 78 ಸುತ್ತಿನ ಅರಗಿನ ತಟ್ಟೆಗಳಿಗಾದರೋ ಮುಳ್ಳೇ ಬೇರೆ, ಇನ್ನೂ ಅಗಲವಾದುದು. ಗಣಕಕ್ಕೆ ಇಳಿಸುವಾಗ ನಾದದಿಂದ ಸೆಕೆಂಡಿಗೆ 44,100 ಮಾದರಿಗಳನ್ನು ತೆಗೆದುಕೊಂಡರೆ ಕಿವಿಗೆ ಸಾಲುವುದು; ಅದಕ್ಕೆ ಮಿಗಿಲಾದುದು ಬಹುಮಟ್ಟಿಗೆ ಆಡಂಬರವೆಂದೇ ನನ್ನ ಭಾವನೆ. ಚಿಟಪಟ ಸದ್ದನ್ನೆಲ್ಲ ತಂತ್ರಾಂಶದಿಂದ ತೊಡೆಯಹೊರಟವರು ಮೃದಂಗದ ಚಾಪಿನ ಮೊನೆಯನ್ನೂ ತೊಡೆದುಬಿಡುವುದುಂಟಾದ ಕಾರಣ, ಮೊದಲ ಮುದ್ರಿಕೆಯನ್ನು ತಿದ್ದದೆ ಪ್ರತ್ಯೇಕವಾಗಿ ಇರಿಸಿಕೊಳ್ಳುವುದು ಲೇಸು.