ಡಿಶ್ಶು ನಮ್ಮ ತಾರಸಿಯ ಮೇಲೆ, ಭಾಷೆ ಮಾತ್ರ ಅವರದ್ದು!

ಕನ್ನಡಿಗರೇ, ನಿಮ್ಮ ಮನೆಯ ಟೀವಿ ನಿಮ್ಮ ತಾಯಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆಂದು ಎಂದಾದರೂ ಗಮನಿಸಿದ್ದೀರಾ? ಧಾರಾವಾಹಿಯ ಮಾತಲ್ಲ ನಾನು ಹೇಳುತ್ತಿರುವುದು. ಏನಾದರೂ ಕೆಟ್ಟಾಗ ಪರದೆಯ ಮೇಲೆ ಮೂಡುತ್ತದಲ್ಲ, ಆ ಮಾತು!

ನಮ್ಮಮ್ಮನಿಗೆ ಎಪ್ಪತ್ತನಾಲ್ಕು. ದಿನಾ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ನಿಧನವಾರ್ತೆಯವರೆಗೆ ಓದುವವರು. ನಾನು ಪ್ರೂಫ್ ನೋಡಿದ ಕರಪತ್ರದಲ್ಲೂ ತಪ್ಪು ಹುಡುಕುವವರು. ಹೋದ ತಿಂಗಳು, ತಪ್ಪಿಹೋದ ಧಾರಾವಾಹಿ ನೋಡಲು ಗುಂಡಿ ಒತ್ತಿದ್ದಾರೆ. ಕೆಳಗೆ ಪ್ರೆಸ್ಸಿನಲ್ಲಿದ್ದ ನನಗೆ ಫೋನು ಬಂತು: "ಟೀವಿಯವರು ದುಡ್ಡು ಕೇಳ್ತಿದಾರೆ ಕಣೋ, ಕಟ್ಟಿಲ್ವಾ?" ಮೇಲೆ ಹೋಗಿ ನೋಡಿದರೆ ದುಡ್ಡಿನ ಮಾತೇ ಇಲ್ಲ. ನೆಟ್‌ವರ್ಕ್ ಸಿಗುತ್ತಿಲ್ಲ, ಕೇಬಲ್ ಪರೀಕ್ಷಿಸಿ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಅದೇ ಹಿಂದಿಯಲ್ಲಿ. ಓದು ಬಲ್ಲ ಹೆಂಗಸನ್ನು ಅವರದೇ ನಡುಮನೆಯಲ್ಲಿ ಆ ಡಬ್ಬಿ ಅನಕ್ಷರಸ್ಥೆ ಮಾಡಿ ಕೂರಿಸಿತ್ತು!

ಸಹಾಯವಾಣಿಗೆ ಫೋನು ಮಾಡಿ ಕನ್ನಡದ ಅಂಕಿಯನ್ನೇ ಒತ್ತಿದೆ. ಬಂದದ್ದು ಹಿಂದಿ. ಮಾರನೆಯ ದಿನ ಬಂದ ಹುಡುಗ ಮಾತ್ರ ಕೊಪ್ಪಳದ ಕಡೆಯವನು, ಕೆಲಸದಲ್ಲಿ ಚುರುಕು. ಮೋಡೆಮ್ಮಿನಿಂದ ಮೇಲಕ್ಕೆ ಎಳೆದಿದ್ದ ತಂತಿಯನ್ನು ಇಲಿ ಕಡಿದಿದೆ ಎಂದು ಐದೇ ನಿಮಿಷದಲ್ಲಿ ಹಿಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನೆಲ್ಲ ನಮ್ಮಮ್ಮನಿಗೆ ಕನ್ನಡದಲ್ಲಿ ತಿಳಿಸಪ್ಪ ಎಂದರೆ, "ಕನ್ನಡದಾಗ ಹೆಂಗ್ ಹೇಳಬೇಕಂತ ನಮಗ ಯಾರೂ ಕಲಿಸಿಲ್ರಿ ಸರ್" ಎಂದ.

ಕನ್ನಡದ ಹುಡುಗನಿಗೆ ಕನ್ನಡದಲ್ಲಿ ಹೇಳಲು ಬಾರದ ಹಾಗೆ ತರಬೇತಿ ಕೊಟ್ಟವರು ಯಾರು? ಹೇಳಲಾಗದ್ದು ಇದರಲ್ಲಿ ಏನಿದೆ? ಇಗೋ, ನಾನು ಹೇಳುತ್ತೇನೆ.

ಡಿಶ್ಶಿನಿಂದ ಬರುವ ದುಂಡನೆಯ ತಂತಿ ಬೇರೆ, ಇಂಟರ್‌ನೆಟ್ಟಿನ ತಂತಿ ಬೇರೆ. ದುಂಡನೆಯದನ್ನು ಬಿಚ್ಚಬೇಡಿ. ಬಿಚ್ಚಲೇಬೇಕಾದರೆ ಡಬ್ಬಿಯ ಸ್ವಿಚ್ ಆರಿಸಿ, ಏಕೆಂದರೆ ಡಿಶ್ಶಿನ ಮೂತಿಗೆ ಕರೆಂಟು ಹೋಗುವುದು ಅದರಲ್ಲೇ. ಇನ್ನೊಂದು ತಂತಿಯಲ್ಲಿ ಎಂಟು ಎಳೆ, ಎರಡೆರಡು ಹೊಸೆದು ನಾಲ್ಕು ಜೋಡಿ. ಕ್ಲಿಪ್ಪನ್ನು ಕೆಳಗೆ ಮಾಡಿ ಹಿಡಿದು ಎಡದಿಂದ ಜೋಡಿಸಿ: ಕಿತ್ತಳೆ ಗೀಟಿನ ಬಿಳಿ, ಕಿತ್ತಳೆ, ಹಸಿರು ಗೀಟಿನ ಬಿಳಿ, ನೀಲಿ, ನೀಲಿ ಗೀಟಿನ ಬಿಳಿ, ಹಸಿರು, ಕಂದು ಗೀಟಿನ ಬಿಳಿ, ಕಂದು. ಎರಡೂ ತುದಿಗೆ ಇದೇ ಕ್ರಮ. ನೂರು ಮೀಟರ್ ಮೀರಬಾರದು, ಕರೆಂಟಿನ ವೈರಿನ ಜೊತೆಗೇ ಎಳೆಯಬಾರದು. ಮೋಡೆಮ್ಮಿನ ಲ್ಯಾನ್ ಎಂಬ ತೂತಿಗೆ ಒಂದು ತುದಿ, ಡಬ್ಬಿಗೆ ಇನ್ನೊಂದು. ದೀಪ ಮಿನುಗಿದರೆ ತಂತಿ ಸರಿಯಿದೆ. ಡಬ್ಬಿಯಲ್ಲಿ ತಂತಿಯ ಸಂಪರ್ಕ ಆರಿಸಿ, ವಿಳಾಸ ತಾನಾಗಿ ಪಡೆಯಲು ಬಿಡಿ. ವಿಳಾಸ ೧೬೯.೨೫೪ ಎಂದು ಶುರುವಾದರೆ ಮೋಡೆಮ್ಮು ವಿಳಾಸ ಕೊಟ್ಟಿಲ್ಲ ಎಂದರ್ಥ. ಆರಿಸಿ ಹಚ್ಚಿ ನೋಡಿ.

ಆಯಿತಲ್ಲ! ಯಾವ ಮಾತಿಗೆ ಕನ್ನಡ ಸಾಲದೇ ಹೋಯಿತು?

ಆಮೇಲೆ ಆ ಕಂಪನಿಯ ಅಧಿಕಾರಿಯೊಬ್ಬ ಫೋನಿನಲ್ಲಿ ನನಗೆ ಪಾಠ ಹೇಳಿದ: ಕನ್ನಡದ ಒತ್ತಕ್ಷರ ಪರದೆಯಲ್ಲಿ ಸರಿಯಾಗಿ ಕೂರುವುದಿಲ್ಲವಂತೆ. ಅಚ್ಚಿನ ಮನೆಯವನಿಗೆ ಈ ಮಾತು! ನಮ್ಮಪ್ಪನ ಕಾಲದಲ್ಲಿ ಸೀಸದ ಮೊಳೆ ಒಂದೊಂದಾಗಿ ಹೆಕ್ಕಿ, ಒತ್ತಿಗೆ ಕೆಳಗೆ ಜಾಗ ಬಿಟ್ಟು, ದೀಪದ ಬೆಳಕಿನಲ್ಲಿ ಪುಸ್ತಕಗಳನ್ನೇ ಕೂರಿಸುತ್ತಿದ್ದರು. ಯೂನಿಕೋಡಿನಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಜಾಗವಿದೆ. ಅಂಗೈಯಗಲದ ಫೋನಿನಲ್ಲಿ ಕೂರುವ ಒತ್ತಕ್ಷರ ಗೋಡೆಯಗಲದ ಟೀವಿಯಲ್ಲಿ ಕೂರುವುದಿಲ್ಲವೇ? ಕೂರದಿರುವುದು ಅಕ್ಷರವಲ್ಲ ಸ್ವಾಮಿ, ನಿಮ್ಮ ಮನಸ್ಸು!

೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ೪ ಕೋಟಿ ೩೭ ಲಕ್ಷ. ಇಷ್ಟು ಜನರಿಂದ ತಿಂಗಳು ತಿಂಗಳು ದುಡ್ಡು ಎಣಿಸಿಕೊಳ್ಳಲು ಯಾವ ಭಾಷೆಯ ಅಡ್ಡಿಯೂ ಇಲ್ಲ. ಇನ್ನು ನಮ್ಮ ಸರ್ಕಾರ. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದಲ್ಲಿ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದಿದೆ. ಆದರೆ ಅದು ಈ ರಾಜ್ಯದಲ್ಲಿ ತಯಾರಾದ ಸರಕಿಗೆ! ಹೊರಗೆ ತಯಾರಾಗಿ ನಮ್ಮ ಮನೆಗೆ ಬರುವ ಡಬ್ಬಿಗೆ? ಅದಕ್ಕೆ ಬಾಗಿಲು ತೆರೆದೇ ಇದೆ. ಇಲ್ಲಿ ಮಾರುವ, ಬಾಡಿಗೆಗೆ ಕೊಡುವ ಪ್ರತಿಯೊಂದಕ್ಕೂ ಅನ್ವಯಿಸುವಂತೆ ಕಾಯ್ದೆ ತಿದ್ದಲಿ. ಪರದೆಯ ಸೂಚನೆ, ಕೈಪಿಡಿ, ಸಹಾಯವಾಣಿ ಮೂರೂ ಕನ್ನಡದಲ್ಲಿರಲಿ.

ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಬೋರ್ಡಿಗೆ ಮಸಿ ಬಳಿದು ಬಂದವರೇ ಮನೆಯಲ್ಲಿ ಸಹಾಯವಾಣಿಗೆ ಇಂಗ್ಲಿಷಿನ ಅಂಕಿ ಒತ್ತುತ್ತಾರೆ. ನಾನೂ ಗಿರಾಕಿ ಕೇಳಿದನೆಂದು ಇಂಗ್ಲಿಷ್ ಲಗ್ನಪತ್ರಿಕೆ ಎಷ್ಟೋ ಅಚ್ಚು ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ.

ಆ ಕಂಪನಿಗೆ ಕನ್ನಡದಲ್ಲೇ ದೂರು ಬರೆದು ಅಂಚೆಗೆ ಹಾಕಿದ್ದೇನೆ, ಉತ್ತರವಿಲ್ಲ. ನೀವೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಅಲ್ಲಿಯತನಕ ಇರಲಿ ಎಂದು ಮೇಲಿನ ಸೂಚನೆಗಳನ್ನು ದಪ್ಪ ಅಕ್ಷರದಲ್ಲಿ ಐನೂರು ಚೀಟಿ ಅಚ್ಚು ಹಾಕಿಸಿದ್ದೇನೆ. ಮೊದಲನೆಯದು ನಮ್ಮಮ್ಮನ ಟೀವಿ ಪಕ್ಕ ಅಂಟಿದೆ (ಅದರಲ್ಲೂ ಒಂದು ಕಾಗುಣಿತದ ತಪ್ಪು ಹುಡುಕಿದ್ದಾರೆ). ಮಿಕ್ಕವು ನಮ್ಮ ಸಂಘದ ಶಾಖೆಯಲ್ಲಿವೆ. ಬೇಕಾದವರು ಬಂದು ಒಯ್ಯಿರಿ, ದುಡ್ಡು ಕೊಡಬೇಕಿಲ್ಲ.