ಲೆಕ್ಕಕ್ಕೆ ಬಾರದ ಗಾಳಿಯ ದಿನಗಳು

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಆದಕಾರಣ ಇಲ್ಲಿ ಗಾಳಿಯಂತ್ರ ನಿಲ್ಲಿಸುವ ಕಾಮಗಾರಿಗೆ ಹವಾಮಾನದ ಅಡ್ಡಿಯಿಲ್ಲವೆಂದು ಭಾವಿಸಿ ದರ ನಮೂದಿಸುವುದು ಸುಲಭ. ಆದರೆ ಈ ಭಾಗದಲ್ಲಿ ಕ್ರೇನನ್ನು ಕಟ್ಟಿಹಾಕುವುದು ಮಳೆಗಿಂತ ಹೆಚ್ಚಾಗಿ ಗಾಳಿಯೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಬಲವಾಗಿ ಬೀಸುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿನ ಶಕ್ತಿ ಎಂಟು ಪಟ್ಟಾಗುವುದರಿಂದ ವರ್ಷದ ಉತ್ಪಾದನೆಯ ದೊಡ್ಡ ಪಾಲು ಬರುವುದೂ ಇದೇ ತಿಂಗಳುಗಳಲ್ಲಿ. ಆದರೆ ನೂರು ಮೀಟರ್ ಎತ್ತರದಲ್ಲಿ ರೆಕ್ಕೆ ಜೋಡಿಸುವ ಕೆಲಸವನ್ನು, ಗಾಳಿ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ ದಾಟಿದರೆ ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ. ಖಚಿತ ಮಿತಿಯನ್ನು ತಯಾರಕರು ನಿಗದಿಪಡಿಸುತ್ತಾರೆ. ನೆಲದ ಮೇಲೆ ತಂಗಾಳಿಯಿದ್ದಾಗಲೂ ಮೇಲೆ ಈ ಮಿತಿ ಮೀರಿರಬಹುದು. ಕೆಲಸ ನಿಂತರೂ ಕ್ರೇನಿನ ಬಾಡಿಗೆ ಮತ್ತು ಸಾಲದ ಬಡ್ಡಿ ನಿಲ್ಲುವುದಿಲ್ಲ.

ಸಮುದ್ರದಲ್ಲಿ ಗಾಳಿಯಂತ್ರ ನೆಡುವ ಯುರೋಪಿನ ಸಂಸ್ಥೆಗಳು ಇದನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಹಲವು ವರ್ಷಗಳ ಗಾಳಿ ಮತ್ತು ಅಲೆಗಳ ದಾಖಲೆಯನ್ನು ಗಂಟೆಗಂಟೆಗೆ ಪರಿಶೀಲಿಸಿ, ಒಂದು ಕೆಲಸಕ್ಕೆ ಬೇಕಾದಷ್ಟು ಸಮಯದ ಸತತ ಬಿಡುವು ಯಾವ ತಿಂಗಳಲ್ಲಿ ಎಷ್ಟು ಬಾರಿ ದೊರೆತಿತ್ತೆಂದು ಎಣಿಸುತ್ತವೆ. ತಿಂಗಳ ಸರಾಸರಿ ನೋಡಿದರೆ ಇದು ತಿಳಿಯದು. ಎರಡೆರಡು ಗಂಟೆಯ ಬಿಡುವು ಮೂರು ಬಾರಿ ಸಿಕ್ಕಿದರೆ ಆರು ಗಂಟೆಯ ಕೆಲಸ ಮುಗಿಯುವುದಿಲ್ಲವಷ್ಟೆ. ಬಯಲುಸೀಮೆಯಲ್ಲಿ ಅಲೆಗಳ ಕಾಟವಿಲ್ಲ, ಲೆಕ್ಕ ಇನ್ನೂ ಸರಳ. ಬೇಕಾದ ದಾಖಲೆಯೂ ಕೈಯಲ್ಲೇ ಇರುತ್ತದೆ. ಬ್ಯಾಂಕಿಗೆ ಆದಾಯದ ಅಂದಾಜು ತೋರಿಸಲು ಮಾಪನ ಕಂಬ ನೆಟ್ಟು ಸಂಗ್ರಹಿಸಿದ ಅಂಕಿ ಅಂಶಗಳನ್ನೇ ಕಾಮಗಾರಿಯ ವೇಳಾಪಟ್ಟಿಗೆ ಬಳಸದಿರುವುದು ವಿಚಿತ್ರವೇ ಸರಿ.

ಮಳೆಯನ್ನೂ ಪೂರ್ಣವಾಗಿ ಕಡೆಗಣಿಸುವಂತಿಲ್ಲ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದು ವೇದಾವತಿ ತುಂಬಿ ಹರಿಯಿತು. ನೆನೆದ ಎರೆಮಣ್ಣಿನ ದಾರಿಯಲ್ಲಿ ಭಾರಿ ಕ್ರೇನ್ ಸಾಗದು.

ಸರ್ಕಾರದ ಗಡುವುಗಳು ಈ ಅಪಾಯವನ್ನು ಹೆಚ್ಚಿಸಿವೆ. ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ಣ ವಿನಾಯಿತಿಗೆ 2025ರ ಜೂನ್ 30 ಕೊನೆಯ ದಿನವಾಗಿತ್ತು. ಅನಂತರ ವರ್ಷದಿಂದ ವರ್ಷಕ್ಕೆ ವಿನಾಯಿತಿ ಕಡಿಮೆಯಾಗುತ್ತದೆ. ಗಡುವು ಹಿಡಿಯುವ ಆತುರದ ಕೆಲಸವೆಲ್ಲ ಗಾಳಿ ಏರುವ ಜೂನ್ ತಿಂಗಳಿಗೇ ಬಂದು ಬೀಳುತ್ತದೆ.

ಜಲ್ಲಿ, ಲಾರಿ, ಫ್ಯಾಬ್ರಿಕೇಷನ್ ಒದಗಿಸುವ ಸ್ಥಳೀಯ ಉದ್ಯಮಿಯ ಹಣ ಯಂತ್ರ ನಿಂತ ಮೇಲೆ ಬರುವಂತಿದ್ದರೆ, ಗಾಳಿಯ ನಷ್ಟ ಸದ್ದಿಲ್ಲದೆ ಅವನ ತಲೆಗೇ ಬರುತ್ತದೆ. ಕರಾರಿಗೆ ಸಹಿ ಹಾಕುವ ಮುನ್ನ ಆತ ಮಾಪನ ಕಂಬದ ತಿಂಗಳುವಾರು ದಾಖಲೆಯನ್ನು ಕೇಳಿ ಪಡೆಯಬೇಕು. ಮಳೆಯ ದಿನಗಳಂತೆ ಗಾಳಿಯ ದಿನಗಳಿಗೂ ಅವಧಿ ವಿಸ್ತರಣೆ ಮತ್ತು ಖಾಲಿ ನಿಂತ ಯಂತ್ರದ ಬಾಡಿಗೆ ಯಾರದೆಂಬುದನ್ನು ಬರಹದಲ್ಲಿ ನಮೂದಿಸಿಕೊಳ್ಳಬೇಕು. ಇದಕ್ಕೊಪ್ಪದ ಕಂಪನಿಗೆ ದರವನ್ನು ಹೆಚ್ಚಿಸಿಯೇ ನೀಡುವುದು ಲೇಸು.